ಮೊದಲು ಕೊಡ ಎಣಿಸಿ, ಆಮೇಲೆ ಬೀಜ ಊರಿ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆ ಎಂಬ ಮಾತು ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಹೆಚ್ಚುಕಡಿಮೆ ಅಕ್ಷರಶಃ ನಿಜ. ನಿನ್ನೆ ಮೊನ್ನೆಯವರೆಗೆ ಕೌದಿ ಹೊದ್ದು ಮಲಗಿದವರು ಅಂಗಳಕ್ಕೆ ಹೊರಸು ತರುತ್ತಾರೆ. ಬೇವು ಹಳೆಯ ಎಲೆ ಉದುರಿಸಿ ಚಿಗುರತೊಡಗುತ್ತದೆ, ಮಾವಿನ ಹೂ ಮಿಡಿಯಾಗುತ್ತದೆ. ಈ ದಿನಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಬೀಜ-ಗೊಬ್ಬರದ ಅಂಗಡಿಗಳ ಮುಂದೆ ರೈತರಲ್ಲದ ಗಿರಾಕಿಗಳೂ ಕಾಣಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಬೀಜ ಮೊಳೆಯುವ ಪಾಠ ಕೇಳಿ ಬಂದ ಮಗ ಅಥವಾ ಮಗಳ ಹಟಕ್ಕೆ ಮಣಿದು ಬಂದ ಪಾಲಕರು ಅವರು. ಪೊಟ್ಟಣದ ಮೇಲಿನ ಬಣ್ಣದ ಚಿತ್ರ ನೋಡಿ ಟೊಮೆಟೊ, ಗಜ್ಜರಿ, ಹೂಕೋಸು ಎಂದು ನಾಲ್ಕಾರು ಪೊಟ್ಟಣ ಕೊಳ್ಳುತ್ತಾರೆ. ಒಂದು ವಾರ ಮನೆಯವರೆಲ್ಲರ ಉತ್ಸಾಹ ಹೇಳತೀರದು. ಹನುಮ ಜಯಂತಿಯ ಹೊತ್ತಿಗೆ ಕುಂಡದಲ್ಲಿ ಉಳಿಯುವುದು ನಾಲ್ಕು ಒಣ ಕಡ್ಡಿ, ಬಿರುಕು ಬಿಟ್ಟ ಮಣ್ಣು. ‘ನಮ್ಮ ಕೈಗುಣಾನ ಸರಿ ಇಲ್ಲ’ ಎಂದು ತಾಯಿ ಕುಂಡವನ್ನು ಮೂಲೆಗೆ ಸರಿಸುತ್ತಾಳೆ. ಮಗು ಮುಂದಿನ ವರ್ಷ ಕೇಳುವುದಿಲ್ಲ.

ಇಲ್ಲಿ ಕೈಗುಣದ ತಪ್ಪೇನೂ ಇಲ್ಲ. ತಪ್ಪಿರುವುದು ಎರಡು ಕಡೆ. ಬೇರೆ ನಾಡಿನ ವಸಂತವನ್ನು ಈ ನಾಡಿಗೆ ತಂದು ಹಚ್ಚಿದ್ದು ಒಂದು. ಮನೆಯಲ್ಲಿ ಎಷ್ಟು ಕೊಡ ನೀರು ಉಳಿಯುತ್ತದೆ ಎಂದು ಎಣಿಸದೆ ಬೀಜ ಎಣಿಸಿದ್ದು ಇನ್ನೊಂದು.

ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳು ವಸಂತ ಬಂದೊಡನೆ ಬೀಜ ಬಿತ್ತಿರೆಂದು ಹೇಳುತ್ತವೆ. ಇಂಗ್ಲೆಂಡಿನಂಥ ದೇಶದಲ್ಲಿ ಆ ಮಾತು ಸರಿ. ಅಲ್ಲಿ ವಸಂತವೆಂದರೆ ಹೆಪ್ಪುಗಟ್ಟಿದ ನೆಲ ಕರಗುವ ಕಾಲ, ಮುಂದೆ ಬರುವುದು ಹಿತವಾದ ಬೇಸಿಗೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಈ ಸೀಮೆಯಲ್ಲಿ ವಸಂತದ ಬೆನ್ನಿಗೇ ಬೆಂಕಿಯಂಥ ಬಿಸಿಲಿದೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು, ಅದರ ದೊಡ್ಡ ಪಾಲು ಬೀಳುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಆದ್ದರಿಂದ ಇಲ್ಲಿ ವಸಂತದ ಬಿತ್ತನೆಗೆ ಒಂದು ಸಣ್ಣ ಕಿಂಡಿ ಮಾತ್ರ ಉಂಟು. ಶಿವರಾತ್ರಿಯಿಂದ ಯುಗಾದಿಯವರೆಗಿನ ಒಂದು ತಿಂಗಳು, ಅಷ್ಟೇ. ಈ ತಿಂಗಳಲ್ಲಿ ಬೇರು ಬಿಟ್ಟ ಗಿಡ ಏಪ್ರಿಲ್ ಬಿಸಿಲನ್ನು ತಡೆದೀತು. ಏಪ್ರಿಲ್‌ನಲ್ಲಿ ಮೊಳೆತ ಎಳೆ ಸಸಿಗೆ ಆ ಶಕ್ತಿ ಕಡಿಮೆ.

ಶಾಕಾಂಬರಿಯ ಸೀಮೆ

ಈ ಬಿಸಿಲ ನಾಡಿನಲ್ಲಿ ತರಕಾರಿಯ ಮಾತೆಲ್ಲಿಂದ ಬಂತು ಎನ್ನುವವರು ಪುಷ್ಯ ಮಾಸದಲ್ಲಿ ಬಾದಾಮಿಗೆ ಹೋಗಿ ನೋಡಬೇಕು. ಚೊಳಚಗುಡ್ಡದ ಬಳಿಯ ಬನಶಂಕರಿಗೆ ಶಾಕಾಂಬರಿ ಎಂದೂ ಹೆಸರು. ಶಾಕವೆಂದರೆ ಕಾಯಿಪಲ್ಲೆ. ಮಳೆಯಿಲ್ಲದೆ ಜಗತ್ತು ಒಣಗಿದಾಗ ದೇವಿ ತನ್ನ ದೇಹದಿಂದಲೇ ಕಾಯಿಪಲ್ಲೆ ಬೆಳೆದು ಜೀವಿಗಳನ್ನು ಸಲಹಿದಳು ಎಂಬುದು ಪುರಾಣದ ಕತೆ. ಬನದ ಹುಣ್ಣಿಮೆಯ ಮುನ್ನಾದಿನ ಇಲ್ಲಿ ಪಲ್ಲೇದ ಹಬ್ಬ. ಅಂದು ದೇವಿಗೆ 108 ಬಗೆಯ ಪಲ್ಯದ ನೈವೇದ್ಯ ಮಾಡುವ ಸಂಪ್ರದಾಯವಿದೆ. ಬರದ ಸೀಮೆಯ ಜನ ಬರದ ಕತೆಯ ದೇವಿಗೆ ಕಾಯಿಪಲ್ಲೆಯನ್ನೇ ಮುಡಿಪಿಟ್ಟದ್ದು ಸಣ್ಣ ಮಾತಲ್ಲ.

ವಿದ್ಯಾರ್ಥಿಗಳು ಈ ಹಬ್ಬದ ಎಡೆಯನ್ನು ಒಂದು ಪಾಠದಂತೆಯೂ ನೋಡಬಹುದು. ಅದರಲ್ಲಿನ ಬದನೆ, ಸೌತೆ ಈ ದೇಶದ ಮಣ್ಣಿನವೇ. ಮೆಣಸಿನಕಾಯಿ, ಟೊಮೆಟೊ, ಬಟಾಟೆ ಅಮೆರಿಕ ಖಂಡದಿಂದ ಬಂದವು, ಅದೂ ಪೋರ್ಚುಗೀಸರು ಕಡಲು ದಾಟಿ ಬಂದ ಮೇಲೆ. ಬಾದಾಮಿಯಲ್ಲಿ ಗುಹೆ ಕೊರೆಸಿದ ಚಾಲುಕ್ಯ ಅರಸರು ಕೆಂಪು ಖಾರದ ರುಚಿಯನ್ನೇ ಕಂಡವರಲ್ಲ ಎಂದರೆ ಇಂದು ರೊಟ್ಟಿಯ ಜೊತೆ ಕೆಂಪು ಚಟ್ನಿ ಉಣ್ಣುವ ಹುಡುಗರಿಗೆ ನಂಬಲಿಕ್ಕೆ ಕಷ್ಟವಾದೀತು.

ಆದರೆ ಒಂದು ಎಚ್ಚರ ಬೇಕು. ಪಲ್ಲೇದ ಹಬ್ಬದ ಸಮೃದ್ಧಿ ಚಳಿಗಾಲದ್ದು. ಮಳೆ ಕುಡಿದ ನೆಲ, ತಂಪಾದ ರಾತ್ರಿ ಎರಡೂ ಕೂಡಿ ಕೊಟ್ಟದ್ದು. ಅದನ್ನು ನೋಡಿ ಬಂದ ಹುರುಪಿನಲ್ಲಿ ಶಿವರಾತ್ರಿಗೆ ಗಜ್ಜರಿ, ಹೂಕೋಸು, ಬಟಾಣಿ ಬಿತ್ತಿದರೆ ನಿರಾಸೆ ಖಂಡಿತ. ಅವು ಅಕ್ಟೋಬರ್‌ನಲ್ಲಿ ಬಿತ್ತುವಂಥವು. ಟೊಮೆಟೊ ಇನ್ನೊಂದು ಬಗೆಯ ಮೋಸ ಮಾಡುತ್ತದೆ. ಬೀಜ ಚೆನ್ನಾಗಿ ಮೊಳೆಯುತ್ತದೆ, ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ. ಆದರೆ ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ನೀರು ಸಾಲಲಿಲ್ಲವೆಂದು ಮನೆಯವರು ಇನ್ನಷ್ಟು ಸುರಿಯುತ್ತಾರೆ. ಟೊಮೆಟೊ, ಮೆಣಸಿನಕಾಯಿ ಬೀಜದ ಪೊಟ್ಟಣ ಈಗ ಡಬ್ಬಿಯಲ್ಲಿರಲಿ. ಮೇ ಕೊನೆಗೆ ಸಸಿ ಮಾಡಿದರೆ ಮುಂಗಾರಿಗೆ ನಾಟಿ ಮಾಡಬಹುದು.

ಹಾಗಾದರೆ ಈಗ ಏನು? ಬಿಸಿಲನ್ನು ಬೇಡುವ, ಕನಿಷ್ಠ ಸಹಿಸುವ ಬೀಜಗಳು. ಬೆಂಡೆ ಇವುಗಳಲ್ಲಿ ಮೊದಲನೆಯದು. ಅದರ ಬೀಜ ಚೆನ್ನಾಗಿ ಮೊಳೆಯುವುದೇ 30 ಡಿಗ್ರಿಯ ಆಸುಪಾಸಿನಲ್ಲಿ, 45-50 ದಿನಕ್ಕೆ ಮೊದಲ ಕಾಯಿ. ಚವಳಿಕಾಯಿ ಅದಕ್ಕಿಂತ ಗಟ್ಟಿ ಜೀವ, ನೀರು ಒಂದು ದಿನ ತಪ್ಪಿದರೂ ಮುನಿಸಿಕೊಳ್ಳುವುದಿಲ್ಲ. ಹೀರೆ, ಹಾಗಲ, ಸೌತೆ ಬಳ್ಳಿಗಳಲ್ಲಿ ಮನೆಗೆ ಒಂದೋ ಎರಡೋ ಸಾಕು. ರಾಜಗಿರಿ, ಪುಂಡಿಪಲ್ಲೆ ಆಗುತ್ತವೆ. ಮೆಂತ್ಯೆಯನ್ನು ಶಿವರಾತ್ರಿಯ ಆಸುಪಾಸಿಗೇ ಚೆಲ್ಲಿದರೆ ಮೂರು ಮೂರೂವರೆ ವಾರಕ್ಕೆ, ಅಂದರೆ ಯುಗಾದಿಗೆ ಮುಂಚೆಯೇ, ತಾಟಿಗೆ ಬರುತ್ತದೆ. ತಡವಾದರೆ ಬಿಸಿಲಿಗೆ ಹೂ ಬಿಟ್ಟು ಕಹಿಯಾಗುತ್ತದೆ. ಬದನೆಯ ಸಸಿಯನ್ನು ಈಗ ಮಾಡಿಕೊಂಡು ಯುಗಾದಿಯ ಹೊತ್ತಿಗೆ ನೆಟ್ಟರೆ ಬೇಸಿಗೆಯಲ್ಲಿ ಹೇಗೋ ಜೀವ ಹಿಡಿದುಕೊಂಡು ಮೊದಲ ಮಳೆಗೆ ಮೈದುಂಬುತ್ತದೆ.

ಒಂದು ಕೊಡಕ್ಕೆ ಎಷ್ಟು ನೆಲ?

ಈ ಲೆಕ್ಕವನ್ನು ಏಳನೇ ತರಗತಿಯ ಹುಡುಗಿಯೂ ಮಾಡಬಲ್ಲಳು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಏಪ್ರಿಲ್ ತಿಂಗಳ ಬಿಸಿಲು-ಗಾಳಿಗೆ, ತುಂಬಿ ಬೆಳೆದ ಗಿಡಗಳಿರುವ ನೆಲದಿಂದ ದಿನಕ್ಕೆ ಸುಮಾರು 6-7 ಮಿಲಿಮೀಟರ್ ನೀರು ಆವಿಯಾಗುತ್ತದೆ. ಕೆಲವು ಪಾಲು ಮಣ್ಣಿನಿಂದ ನೇರವಾಗಿ, ಉಳಿದದ್ದು ಎಲೆಗಳ ಪತ್ರರಂಧ್ರಗಳ ಮೂಲಕ. ಅಂದರೆ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 6-7 ಲೀಟರ್ ನೀರು ಮರಳಿ ಕೊಡಬೇಕು. ಮನೆಯಲ್ಲಿ ಬಳಸುವ ಪ್ಲಾಸ್ಟಿಕ್ ಕೊಡದಲ್ಲಿ 12ರಿಂದ 15 ಲೀಟರ್ ಹಿಡಿಯುತ್ತದೆ. ಒಂದು ಕೊಡಕ್ಕೆ ಎರಡು ಚದರ ಮೀಟರ್ ನೆಲ ಎಂದಾಯಿತು.

ಈಗ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತೋಟ ಮಾಡುತ್ತೇನೆಂದು ಹೊರಟವರು ಯೋಚಿಸಲಿ. ಅದು ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ದಿನಕ್ಕೆ 60 ಲೀಟರ್, ನಾಲ್ಕೈದು ಕೊಡ ನೀರು ಬೇಕು. ನಳದ ನೀರಿಗೆ ಸರದಿ ಕಾಯುವ ಓಣಿಯಲ್ಲಿ ಮೇ ತಿಂಗಳಲ್ಲಿ ಇಷ್ಟು ನೀರು ಯಾರು ಕೊಟ್ಟಾರು? ಮನೆಯ ಹೆಣ್ಣುಮಕ್ಕಳು ಹೊತ್ತು ತಂದ ನೀರನ್ನು ಮಗನ ಹವ್ಯಾಸಕ್ಕೆ ಸುರಿಯುವುದು ನ್ಯಾಯವೂ ಅಲ್ಲ. ಅಂಥ ತೋಟ ಏಪ್ರಿಲ್ ಮೂರನೇ ವಾರ ಸಾಯುತ್ತದೆ. ಮಗು ಅದನ್ನು ತನ್ನ ಸೋಲೆಂದು ತಿಳಿಯುತ್ತದೆ.

ಆದ್ದರಿಂದ ಬೀಜ ಕೊಳ್ಳುವ ಮೊದಲು ಒಂದು ವಾರ ಮಕ್ಕಳೇ ಮನೆಯ ನೀರಿನ ಲೆಕ್ಕ ಬರೆಯಲಿ. ಅಕ್ಕಿ-ಬೇಳೆ ತೊಳೆದ ನೀರು ಎಷ್ಟು, ಕಾಯಿಪಲ್ಲೆ ತೊಳೆದದ್ದೆಷ್ಟು, ಹಿಂದಿನ ದಿನ ಕೊಡದಲ್ಲಿ ಉಳಿದು ಬೆಳಿಗ್ಗೆ ಚೆಲ್ಲುವುದೆಷ್ಟು ಎಂದು ಒಂದು ಬಕೀಟಿನಲ್ಲಿ ಕೂಡಿಸಿ ಅಳೆಯಲಿ. ನಾಲ್ಕೈದು ಜನರ ಮನೆಯಲ್ಲಿ ಕೂಡಿಡುತ್ತ ಹೋದರೆ ಒಂದು ಕೊಡದ ಹತ್ತಿರ ಬರುವುದುಂಟು. ಮೊದಲ ವರ್ಷದ ತೋಟ ಅಷ್ಟಕ್ಕೇ ನಿಲ್ಲಲಿ. ಒಂದು ಕೊಡದ ಎರಡು ಚದರ ಮೀಟರ್ ಜಾಗದಲ್ಲಿ ಎಂಟು ಬೆಂಡೆ ಗಿಡ, ಒಂದು ಗೇಣು ಅಂತರದಲ್ಲಿ ಒಂದು ಸಾಲು ಚವಳಿ, ಅಂಚಿಗೆ ಕಂಪೌಂಡಿನ ಮೇಲೆ ಹಬ್ಬುವ ಒಂದು ಹೀರೆ ಬಳ್ಳಿ ಧಾರಾಳವಾಗಿ ಹಿಡಿಯುತ್ತವೆ. ಬಚ್ಚಲ ನೀರಿನಲ್ಲಿ ಸಾಬೂನು ಇರುವುದರಿಂದ ಅದು ಈ ಮಡಿಗೆ ಬೇಡ. ಹಿರಿಯರು ಮಾಡಿದಂತೆ ಬಾಳೆ, ಕರಿಬೇವಿನ ಬುಡಕ್ಕೆ ಹೋಗಲಿ. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳ ಪಾಲಕರು ಇನ್ನೊಂದು ಮಾತು ನೆನಪಿಡಬೇಕು. ಬಣ್ಣದ ನೀರು ಎಷ್ಟೇ ತಿಳಿಯಾಗಿ ಕಂಡರೂ ತಿನ್ನುವ ಗಿಡಕ್ಕೆ ತಾಕಬಾರದು.

ಕೊಳವೆಬಾವಿಯ ಸವಳು ನೀರು ಇನ್ನೊಂದು ತೊಡಕು. ಮಣ್ಣಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿದರೆ ನೀರಿನಲ್ಲಿ ಲವಣ ಹೆಚ್ಚೆಂದೇ ತಿಳಿಯಬೇಕು. ಹೊರಗಿನ ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಬೀಜಕ್ಕೆ ನೀರು ಹೀರಿಕೊಳ್ಳುವುದು ಕಷ್ಟ. ಪುಸ್ತಕದಲ್ಲಿ ಓದಿದ ಪರಾಸರಣ ಇಲ್ಲಿ ಕಣ್ಣಿಗೆ ಕಾಣುತ್ತದೆ. ಬೇರೆ ದಾರಿಯಿಲ್ಲದ ಮನೆಯವರು ಬೀಜ ಮೊಳೆಯುವ ಮೊದಲ ಹತ್ತು ದಿನವಾದರೂ ಕುಡಿಯುವ ನೀರಿನಲ್ಲಿ ಒಂದು ತಂಬಿಗೆ ಕೊಟ್ಟರೆ ಮುಂದೆ ಗಿಡ ಅಲ್ಪಸ್ವಲ್ಪ ಸವಳನ್ನು ತಡೆದುಕೊಳ್ಳುತ್ತದೆ.

ಎರಿ, ಮಸಾರಿ, ಗರಸು

ಹತ್ತು ಹನ್ನೆರಡು ಮೈಲಿಯ ಅಂತರದಲ್ಲಿ ಮಣ್ಣು ಹೀಗೆ ಬಣ್ಣ ಬದಲಿಸುವ ಸೀಮೆ ಅಪರೂಪ. ಹುನಗುಂದದ ಕಡೆ ಕಪ್ಪು ಎರಿ. ಬಾದಾಮಿಯ ಕೆಂಪು ಮರಳುಗಲ್ಲಿನ ಬುಡದಲ್ಲಿ ಉಸುಕು ಬೆರೆತ ಮಸಾರಿ. ಎರಿಯ ಕಣ ಬಲು ಸಣ್ಣ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲೆ ಗಟ್ಟಿ ಹೆಪ್ಪು ಕಟ್ಟಿ ರಾಜಗಿರಿಯಂಥ ಸಣ್ಣ ಬೀಜದ ಮೊಳಕೆಯನ್ನು ಒಳಗೇ ಉಸಿರುಗಟ್ಟಿಸುತ್ತದೆ. ಮಸಾರಿಯಲ್ಲಿ ಮೊಳಕೆ ಸರಾಗವಾಗಿ ಬರುತ್ತದೆ, ನೀರು ಮಾತ್ರ ನಿಲ್ಲದು. ಎರಿಗೆ ಉಸುಕು ಮತ್ತು ಗೊಬ್ಬರ, ಮಸಾರಿಗೆ ಕೆರೆಯ ಹೂಳು ಮತ್ತು ಗೊಬ್ಬರ ಬೆರೆಸುವುದು ಇದಕ್ಕೆ ಹಳೆಯ ಉಪಾಯ. ಗೊಬ್ಬರ ಪೂರ್ತಿ ಕಳಿತದ್ದಿರಬೇಕು. ಹಸಿ ಸಗಣಿ ಕೊಳೆಯುವಾಗ ಕಾವು ಹುಟ್ಟಿ ಎಳೆ ಬೇರನ್ನು ಸುಡುತ್ತದೆ, ಮಸಾರಿ ನೆಲದಲ್ಲಿ ಗೆದ್ದಲನ್ನೂ ಕರೆಯುತ್ತದೆ.

ಬಾಗಲಕೋಟೆಯ ಕತೆ ಬೇರೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಊರಿನ ಎಷ್ಟೋ ಓಣಿಗಳನ್ನು ಬಿಟ್ಟು ಜನ ನವನಗರಕ್ಕೆ ಬಂದರು. ತಲೆಮಾರುಗಳಿಂದ ಬೂದಿ, ಸಗಣಿ, ಕಸಕಡ್ಡಿ ಉಂಡು ಹದವಾಗಿದ್ದ ಹಿತ್ತಲ ಮಣ್ಣು ಹಿಂದೆಯೇ ಉಳಿಯಿತು. ಮನೆಯ ಬಾಗಿಲು, ಕಂಬ, ತೊಲೆಗಳನ್ನು ಸಾಗಿಸಿಕೊಂಡವರುಂಟು. ಬೀಜದ ಗಡಿಗೆಯನ್ನು ಸಾಗಿಸಿದವರೆಷ್ಟೋ! ಹೊಸ ನಿವೇಶನದಲ್ಲಿ ಅಗೆದರೆ ಸಿಗುವುದು ಹೆಚ್ಚಾಗಿ ಗರಸು, ಇಟ್ಟಂಗಿ ಚೂರು, ಉದುರಿದ ಸಿಮೆಂಟು. ಇಂಥ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಒಂದು ಚಮಚ ಒಣ ಮಣ್ಣಿನ ಮೇಲೆ ಲಿಂಬೆರಸ ಹಿಂಡಿ ಕಿವಿಗೊಟ್ಟರೆ ಸಾಕು. ಸುಂಯ್ ಎಂದು ನೊರೆಗುಳ್ಳೆ ಎದ್ದರೆ ಅದು ಆಮ್ಲದೊಡನೆ ಸುಣ್ಣದ ಕಾರ್ಬೊನೇಟ್ ವರ್ತಿಸಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್. ಸುಣ್ಣ ಹೆಚ್ಚಿದ್ದಲ್ಲಿ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗದು. ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾಗುತ್ತದೆ. ಅಂಥ ಕಡೆ ನೆಲವನ್ನು ತಿದ್ದುತ್ತ ಕೂಡುವುದಕ್ಕಿಂತ ಹಳೆಯ ಗೋಣಿಚೀಲ, ಒಡೆದ ಬಕೀಟುಗಳಿಗೆ ತೂತು ಮಾಡಿ ಒಳ್ಳೆಯ ಮಣ್ಣು ತುಂಬುವುದು ಮೇಲು. ಸಂಶಯವಿದ್ದವರು ಕೇಳಲಿಕ್ಕೆ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಊರಿನ ಮಕ್ಕಳು ಅದರ ಗೇಟು ದಾಟಿ ಒಳಗೆ ಹೋಗಿ ನೋಡುವುದು ಮಾತ್ರ ಕಡಿಮೆ.

ದಿನಾ ಕೆದರಿದರೆ ಹೇಗೆ ನಾಟೀತು?

ಪೊಟ್ಟಣ ಕೊಳ್ಳುವಾಗ ಚಿತ್ರ ನೋಡುವುದನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಮೊಳೆಯುವ ಪ್ರಮಾಣ ಅಲ್ಲಿರುತ್ತವೆ. ಪ್ರಮಾಣಿತ ಬೀಜದಲ್ಲಿ ಬೆಂಡೆಗೆ ಕನಿಷ್ಠ ಶೇಕಡಾ 65, ಬದನೆಗೆ 70 ಎಂದು ನಿಯಮವಿದೆ. ಹತ್ತು ಬೆಂಡೆ ಬೀಜದಲ್ಲಿ ಮೂರು ಮೊಳೆಯದಿದ್ದರೆ ಬಿತ್ತಿದವರ ತಪ್ಪಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಲಾಬಿ ಅಥವಾ ನೀಲಿ ಬಣ್ಣದ ಪುಡಿ ಮೆತ್ತಿದ ಬೀಜಕ್ಕೆ ಔಷಧ ಹಚ್ಚಿರುತ್ತಾರೆ. ಮುಟ್ಟಿದ ಕೈ ತೊಳೆಯಬೇಕು, ಸಣ್ಣ ಮಕ್ಕಳ ಬಾಯಿಗೆ ಹೋಗಬಾರದು, ಉಳಿದದ್ದನ್ನು ಅಡುಗೆಮನೆಯಲ್ಲಿ ಇಡಬಾರದು.

ಮನೆಯಲ್ಲಿ ಇಟ್ಟ ಹಳೆಯ ಬೀಜವಾದರೆ ಇಪ್ಪತ್ತು ಬೀಜ ಎಣಿಸಿ ಒದ್ದೆ ಹತ್ತಿ ಬಟ್ಟೆಯಲ್ಲಿ ಮಡಿಚಿ ತಾಟಿನಲ್ಲಿಡಿ. ಬಟ್ಟೆ ಒಣಗದಂತೆ ನೋಡಿಕೊಂಡು ಎಂಟನೇ ದಿನ ಬಿಚ್ಚಿ ಎಣಿಸಿ. ಹದಿನೈದು ಮೊಳೆತರೆ ಶೇಕಡಾ 75. ಅರ್ಧಕ್ಕಿಂತ ಕಡಿಮೆ ಮೊಳೆತರೆ ಒಂದು ಕುಣಿಗೆ ಎರಡರ ಬದಲು ನಾಲ್ಕು ಬೀಜ ಹಾಕಬೇಕಾಗುತ್ತದೆ, ಅಷ್ಟೇ.

ಒಣ ಬೀಜ ಸತ್ತದ್ದಲ್ಲ, ನಿದ್ದೆಯಲ್ಲಿರುವುದು. ಅದರಲ್ಲಿ ನೀರಿನ ಅಂಶ ಶೇಕಡಾ 8-10 ಮಾತ್ರ. ನೀರು ತಾಕಿದೊಡನೆ ಅದು ಹೀರಿಕೊಂಡು ಉಬ್ಬುತ್ತದೆ. ಒಳಗಿನ ಕಿಣ್ವಗಳು ಎಚ್ಚರಗೊಂಡು ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಭ್ರೂಣ ಆ ಸಕ್ಕರೆಯನ್ನುಂಡು, ಆಮ್ಲಜನಕ ಸೇವಿಸಿ ಬೆಳೆಯತೊಡಗುತ್ತದೆ. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಹಾಕಿದರೆ ಈ ಕೆಲಸ ಬೇಗ ಶುರುವಾಗುತ್ತದೆ. ಹಾಗಲದ ಗಟ್ಟಿ ಸಿಪ್ಪೆಗೆ ಒಂದು ಇಡೀ ದಿನ ಬೇಕು. ಆದರೆ ಎರಡು ದಿನ ನೀರಿನಲ್ಲೇ ಬಿಟ್ಟರೆ ಗಾಳಿಯಿಲ್ಲದೆ ಬೀಜ ಕೊಳೆಯುತ್ತದೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಊರುವುದು ಸಾಮಾನ್ಯ ನಿಯಮ. ರಾಜಗಿರಿಯಂಥ ಸಾಸಿವೆಗಿಂತ ಸಣ್ಣ ಬೀಜವನ್ನು ಒಣ ಉಸುಕಿನೊಡನೆ ಬೆರೆಸಿ ಚೆಲ್ಲಿ, ಮೇಲೆ ಗೊಬ್ಬರದ ಪುಡಿ ಉದುರಿಸಿದರೆ ಸಾಕು. ಇರುವೆಗಳು ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿಯ ಗೆರೆ ಎಳೆಯುವುದುಂಟು.

ಬೆಳಕಿನ ಪಾಠವೂ ಮನೆಯಲ್ಲೇ ಇದೆ. ದಸರೆಗೆ ಘಟ್ಟ ಹಾಕುವ ಮನೆಗಳಲ್ಲಿ ಮಣ್ಣಿನ ಮೇಲೆ ಚೆಲ್ಲಿದ ಧಾನ್ಯ ಒಂಬತ್ತು ದಿನದಲ್ಲಿ ಗೇಣುದ್ದ ಬೆಳೆದಿರುತ್ತದೆ. ಸಸಿ ತೆಳ್ಳಗೆ, ಹಳದಿಯಾಗಿ ಇರುತ್ತದೆ. ದೇವರ ಕೋಣೆಯ ಕತ್ತಲಲ್ಲಿ ಪತ್ರಹರಿತ್ತು ಹುಟ್ಟದೆ, ಬೆಳಕನ್ನು ಹುಡುಕುತ್ತ ಕಾಂಡ ಬರೀ ಉದ್ದವಾಯಿತು. ಬದನೆಯ ಸಸಿಯನ್ನು ಬಿಸಿಲಿಗೆ ಹೆದರಿ ಮನೆಯೊಳಗಿಟ್ಟವರಿಗೂ ಸಿಗುವುದು ಇಂಥದೇ ಹಳದಿ ಕಡ್ಡಿ. ಸಸಿಗೆ ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ. ಹಳೆಯ ತೆಳು ಸೀರೆಯೊಂದನ್ನು ನಾಲ್ಕು ಕೋಲಿಗೆ ಕಟ್ಟಿದರೆ ಆಯಿತು. ಗ್ರಾನೈಟ್ ಹಾಸಿದ ಇಳಕಲ್ಲಿನ ಅಂಗಳಗಳಲ್ಲಿ ಕಲ್ಲು ರಾತ್ರಿ ಬಹಳ ಹೊತ್ತಿನವರೆಗೆ ಕಾವು ಕಾರುತ್ತದೆ. ಅಲ್ಲಿ ಕುಂಡದ ಕೆಳಗೆ ಎರಡು ಇಟ್ಟಂಗಿ ಇಟ್ಟು ಎತ್ತರಿಸಬೇಕು.

ಇನ್ನು ಕಾಯುವ ಕೆಲಸ. ಎಲ್ಲಕ್ಕಿಂತ ಕಷ್ಟದ್ದು ಇದೇ. ಮೂರನೇ ದಿನಕ್ಕೆ ಮಗು ಮಣ್ಣು ಕೆದರಿ ನೋಡುತ್ತದೆ. ‘ದಿನಾ ಕೆದರಿ ನೋಡಿದರ ಬೀಜ ಹೆಂಗ ನಾಟೀತೋ ತಮ್ಮಾ?’ ಎಂದು ಅಜ್ಜಿ ಗದರುವುದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು. ಎಳೆಯ ಮೊಳಕೆಯ ಬೇರಿನ ತುದಿ ಒಮ್ಮೆ ಮುರಿದರೆ ಚೇತರಿಸಿಕೊಳ್ಳುವುದು ಕಷ್ಟ. ನೋಡುವ ಚಪಲ ತಡೆಯದಿದ್ದರೆ ಒಂದು ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಹಚ್ಚಿ ನಡುವೆ ನಾಲ್ಕು ಬೀಜ ಇಟ್ಟುಕೊಡಿ. ನೋಡಲಿಕ್ಕೆ ಅದು, ಉಣ್ಣಲಿಕ್ಕೆ ಇದು.

ಮೊಳೆತ ಮೇಲೆ ಸಸಿ ನೆಲಮಟ್ಟದಲ್ಲಿ ನೀರು ತುಂಬಿದಂತಾಗಿ ಮುರಿದು ಬಿದ್ದರೆ ಅದು ಶಿಲೀಂಧ್ರದ ಕೆಲಸ. ಮಣ್ಣು ಸದಾ ಹಸಿಯಾಗಿರುವುದು, ಸಸಿಗಳು ಕಿಕ್ಕಿರಿದಿರುವುದು ಅದಕ್ಕೆ ಕಾರಣ. ಬಿಸಿಲಿಗೆ ಸತ್ತ ಸಸಿಗಳಿಗಿಂತ ಅತಿ ಪ್ರೀತಿಗೆ ಸತ್ತವೇ ಹೆಚ್ಚೇನೋ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ತಂಪು ತಾಕಿದರೆ ಅಂದು ನೀರು ಬೇಡ. ಸಸಿ ಇರುವಾಗ ಬೆಳಿಗ್ಗೆ, ಗಿಡ ಬಲಿತ ಮೇಲೆ ಸಂಜೆ ನೀರು ಕೊಡಬೇಕು.

ಹೊಟ್ಟು ಮತ್ತು ಮಡಕೆ

ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿಯುವುದು ಇದೇ ದಿನಗಳಲ್ಲಿ. ಹೊಟ್ಟು ಕೇಳಿದರೆ ಸಿಗುವ ಕಾಲ. ಗಿಡ ಗೇಣುದ್ದ ಆದ ಮೇಲೆ ಬುಡದ ಸುತ್ತ ಮೂರು ಬೆರಳು ದಪ್ಪ ಹೊಟ್ಟು ಹಾಸಿದರೆ ಮಣ್ಣಿನಿಂದ ನೇರವಾಗಿ ಆವಿಯಾಗುವ ನೀರು ಉಳಿಯುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬಾರದು. ಬಳ್ಳಿಯ ಬುಡದಲ್ಲಿ ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬುವುದು ಇನ್ನೂ ಒಳ್ಳೆಯದು. ಮಡಕೆಯ ರಂಧ್ರಗಳಿಂದ ನೀರು ಮಣ್ಣಿನ ಒಣಗಿಗೆ ತಕ್ಕಷ್ಟೇ ಜಿನುಗುತ್ತದೆ. ಬೇರುಗಳು ತಾವಾಗಿ ಮಡಕೆಯನ್ನು ತಬ್ಬಿಕೊಳ್ಳುತ್ತವೆ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದ ಫಾನ್ ಶೆಂಗ್‌ಝಿ ಎಂಬವನ ಕೃಷಿ ಗ್ರಂಥದಲ್ಲೇ ಈ ಉಪಾಯದ ವಿವರಣೆಯಿದೆ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಮುಚ್ಚಳ ಬೇಕೇ ಬೇಕು. ಊರಿಗೆ ಹೋಗಿ ಎರಡು ದಿನ ನೀರು ತಪ್ಪಿದರೂ ಇಂಥ ಬಳ್ಳಿ ತಡೆದುಕೊಳ್ಳುತ್ತದೆ.

ಮಾರ್ಚ್ ಎಂದರೆ ಪರೀಕ್ಷೆಯ ಕಾಲವಲ್ಲವೇ ಎಂದು ಪಾಲಕರು ಕೇಳಬಹುದು. ಎಸ್ಸೆಸ್ಸೆಲ್ಸಿಯ ಮಕ್ಕಳನ್ನು ಬಿಟ್ಟುಬಿಡಿ. ಉಳಿದವರಿಗೆ ಎರಡು ಚದರ ಮೀಟರ್ ತೋಟ ಬೇಡುವುದು ಬೆಳಿಗ್ಗೆ ಹತ್ತು ನಿಮಿಷ. ಶಿವರಾತ್ರಿಗೆ ಊರಿದ ಬೆಂಡೆ ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ಬೇಸಿಗೆ ಸೂಟಿ ಬಿದ್ದಿರುತ್ತದೆ. ಇದರಿಂದ ಸಂತೆಯ ಖರ್ಚು ಉಳಿಯುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪು-ತರಕಾರಿ ಸೇರಿ 400 ಗ್ರಾಂ ಬೇಕೆಂದಿದೆ. ಒಂದು ಕೊಡದ ತೋಟ ಅದರ ಹತ್ತಿರಕ್ಕೂ ಬರುವುದಿಲ್ಲ. ತಾನೇ ಬೆಳೆದ ಚವಳಿಕಾಯಿಯನ್ನು ಮಗು ತಾಟಿನ ಬದಿಗೆ ಸರಿಸದೆ ಉಣ್ಣುತ್ತದೆ ಎಂಬುದೊಂದು ಲಾಭ.

ಸೂಟಿಯಲ್ಲಿ ನೋಡುವುದು ಬಹಳಷ್ಟಿದೆ. ಹೀರೆಯ ಹಳದಿ ಹೂ ಅರಳುವುದು ಸಂಜೆ. ಗೊಂಚಲಾಗಿ ಬರುವುದು ಗಂಡು, ಹಿಂದೆ ಎಳೆ ಕಾಯಿಯ ಆಕಾರ ಹೊತ್ತು ಒಂಟಿಯಾಗಿ ಬರುವುದು ಹೆಣ್ಣು. ಕೀಟಗಳು ಬಾರದ ಓಣಿಯಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರೆ ಕಾಯಿ ಕಟ್ಟುತ್ತದೆ. ಚವಳಿ ಗಿಡವನ್ನು ಕೊನೆಗೆ ಕಿತ್ತಾಗ ಬೇರಿನ ಗಂಟುಗಳನ್ನು ಉಗುರಿನಿಂದ ಒಡೆದು ನೋಡಬೇಕು. ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿತ್ತು ಎಂದರ್ಥ. ಬೆಂಡೆಯ ಎಲೆಯ ನರಗಳು ಬಲೆಯಂತೆ ಹಳದಿಯಾದರೆ ಅದು ಬಿಳಿನೊಣ ತಂದ ನಂಜು ರೋಗ, ಔಷಧವಿಲ್ಲ. ಆ ಗಿಡವನ್ನು ಮರುಕವಿಲ್ಲದೆ ಕಿತ್ತುಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಈ ರೋಗವನ್ನು ತಡೆದುಕೊಳ್ಳಲೆಂದೇ ರೂಪಿಸಿದ ತಳಿ.

ದಾರ ಕಟ್ಟಿದ ಕಾಯಿ

ಪೊಟ್ಟಣದ ಮೇಲೆ ‘ಎಫ್-1 ಹೈಬ್ರಿಡ್’ ಎಂದಿದ್ದರೆ ಅದರ ಬೀಜವನ್ನು ಮುಂದಿನ ವರ್ಷಕ್ಕೆ ಇಡುವುದರಲ್ಲಿ ಅರ್ಥವಿಲ್ಲ. 1866ರಲ್ಲಿ ಮೆಂಡಲ್ ಬಟಾಣಿ ಗಿಡಗಳ ಬಗ್ಗೆ ಪ್ರಕಟಿಸಿದ್ದು ಇದನ್ನೇ. ಎರಡು ತಳಿಗಳ ಮಿಶ್ರಣದ ಮೊದಲ ಪೀಳಿಗೆ ಒಂದೇ ತರಹ ಇರುತ್ತದೆ, ಎರಡನೆಯದರಲ್ಲಿ ಅಜ್ಜ-ಅಜ್ಜಿಯರ ಗುಣಗಳು ಬಿಡಿಬಿಡಿಯಾಗಿ ಒಡೆದು ಬರುತ್ತವೆ. ಜವಾರಿ ಬೀಜ ಹಾಗಲ್ಲ. ಎಷ್ಟೋ ತಲೆಮಾರು ಇದೇ ಬಿಸಿಲು, ಇದೇ ಸವಳನ್ನು ಉಂಡು ಉಳಿದದ್ದು ಅದು. ಎಣ್ಣೆಗಾಯಿಗೆ ಇಂಥದೇ ಬದನಿಕಾಯಿ ಆಗಬೇಕೆಂದು ಹಟ ಹಿಡಿಯುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಕಪಾಟಿನಲ್ಲೋ ಅಡಕಲ ಗಡಿಗೆಯಲ್ಲೋ ಬೂದಿ ಬೆರೆಸಿ ಇಟ್ಟ ಬೀಜವೂ ಇದ್ದೀತು. ಸೌತೆ, ಕುಂಬಳದ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದಿಡುತ್ತಿದ್ದ ಕೈಗಳು ಅವು.

ಬೀಜ ಕಾಯುತ್ತದೆ ನಿಜ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಬಾಟಲಿಗಳಲ್ಲಿ ತುಂಬಿ ಹೂಳಿದ ಕಳೆಬೀಜಗಳಲ್ಲಿ ಕೆಲವು 2021ರಲ್ಲೂ ಮೊಳೆತವು. ಇಸ್ರೇಲಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆಯಿತು. ಆದರೆ ಅಡುಗೆಮನೆಯ ಬೀಜಕ್ಕೆ ಅಂಥ ತಾಳ್ಮೆಯಿಲ್ಲ. ಉಳ್ಳಾಗಡ್ಡಿಯದು ಒಂದು ವರ್ಷ, ಬೆಂಡೆಯದು ಎರಡು, ಬದನೆ-ಸೌತೆಯದು ತಂಪಿನಲ್ಲಿಟ್ಟರೆ ನಾಲ್ಕೈದು. ಗಡಿಗೆ ಹಾಗೇ ಇರುತ್ತದೆ, ಒಳಗಿನದು ಸದ್ದಿಲ್ಲದೆ ಸಾಯುತ್ತದೆ. ಅಜ್ಜಿಯ ಮನೆಯ ಬೀಜವಿದ್ದರೆ ಈ ವರ್ಷವೇ ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಎಣಿಸಿಟ್ಟು ನೋಡಬೇಕು. ಇಪ್ಪತ್ತರಲ್ಲಿ ಎರಡು ಮೊಳೆತರೂ ಆ ವಂಶ ಉಳಿಯಿತು.

ಬದನೆ ಗಿಡ ಕಾಯಿ ಬಿಡತೊಡಗಿದಾಗ ಎಲ್ಲಕ್ಕಿಂತ ಚೆಂದದ, ಹುಳು ಬೀಳದ ಒಂದು ಕಾಯಿಗೆ ಕೆಂಪು ದಾರ ಕಟ್ಟಿ ಮನೆಯವರಿಗೆಲ್ಲ ತೋರಿಸಿಡಬೇಕು. ಅದು ಪಲ್ಯಕ್ಕಲ್ಲ. ಗಿಡದಲ್ಲೇ ಬಲಿತು ಹಳದಿಯಾಗಿ ಮೆತ್ತಗಾಗುವವರೆಗೆ ಬಿಡಬೇಕು. ಆಮೇಲೆ ಕಿವುಚಿ ನೀರಿಗೆ ಹಾಕಿದರೆ ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ತಳದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸುಡುಬಿಸಿಲಿಗಲ್ಲದೆ ನೆರಳಿನ ಗಾಳಿಗೆ ವಾರವೊಪ್ಪತ್ತು ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಡಬೇಕು. ಮೇಲೆ ಬೀಜದ ಹೆಸರು, ಇಸವಿ, ಯಾರ ಮನೆಯಿಂದ ಬಂದದ್ದು ಎಂದು ಮಗುವಿನ ಕೈಯಲ್ಲೇ ಬರೆಸಿದರೆ ಮುಂದಿನ ಶಿವರಾತ್ರಿಗೆ ಹುಡುಕಲಿಕ್ಕೆ ಸುಲಭ.